ಸ್ವಿಟ್ಜರ್ಲೆಂಡಿನಿಂದ ಗಡಿ ದಾಟಿ ಜರ್ಮನಿಯಿಂದ ಸಾಮಾನು ತರುವುದು: ಎಷ್ಟು, ಹೇಗೆ, ಯಾವುದು ಬೇಡ

ಕಾರವಾರದವರಿಗೆ ಮಾಜಾಳಿ ಗಡಿಯಾಚೆ ಗೋವಾದಲ್ಲಿ ಬಾಟಲಿ ಯಾಕೆ ಅಗ್ಗ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಅಬಕಾರಿ ತೆರಿಗೆ ಕಡಿಮೆ, ಇಲ್ಲಿ ಹೆಚ್ಚು, ಕಥೆ ಮುಗಿಯಿತು. ಬಾಸೆಲ್‌ಗೋ ಜ್ಯೂರಿಕ್‌ಗೋ ಕೆಲಸಕ್ಕೆ ಬಂದ ನಮ್ಮವರು ಇದೇ ತರ್ಕ ಹಿಡಿದು, ಸ್ವಿಟ್ಜರ್ಲೆಂಡಿನಲ್ಲಿ ತೆರಿಗೆ ಜಾಸ್ತಿ ಇರಬೇಕು, ಅದಕ್ಕೇ ಸಾಮಾನು ದುಬಾರಿ ಅಂದುಕೊಳ್ಳುತ್ತಾರೆ. ವಿಷಯ ಪೂರ್ತಿ ಉಲ್ಟಾ. 2024ರಿಂದ ಸ್ವಿಸ್ ವ್ಯಾಟ್ ಶೇ 8.1, ಆಹಾರಕ್ಕೆ ಶೇ 2.6. ಜರ್ಮನಿಯಲ್ಲಿ ಶೇ 19, ಆಹಾರಕ್ಕೆ ಶೇ 7. ತೆರಿಗೆ ಕಡಿಮೆ ಇರುವ ಕಡೆಯೇ ಬೆಲೆ ಹೆಚ್ಚು. ಇದು ಯಾಕೆ ಎಂದು ತಿಳಿದರೆ ಯಾವ ಸಾಮಾನಿಗೆ ಗಡಿ ದಾಟಬೇಕು, ಯಾವುದಕ್ಕೆ ಬೇಡ ಎನ್ನುವುದು ಅರ್ಧ ತಿಳಿದಂತೆ.

ಬೆಲೆ ಏರಿಸುವ ನಾಲ್ಕು ಕೈಗಳು

ಮೊದಲನೆಯದು ಕೃಷಿ ರಕ್ಷಣೆ. ತನ್ನ ರೈತರನ್ನು ಕಾಯಲು ಸ್ವಿಟ್ಜರ್ಲೆಂಡ್ ಮಾಂಸ, ಬೆಣ್ಣೆ, ಕೆನೆಯ ಮೇಲೆ ಭಾರೀ ಆಮದು ಸುಂಕ ಹಾಕುತ್ತದೆ. ಮಾಂಸವನ್ನು ಕಡಿಮೆ ಸುಂಕದಲ್ಲಿ ತರಿಸಲು ಕೋಟಾ ಬೇಕು, ಆ ಕೋಟಾದ ಬಹುಪಾಲು ಹರಾಜಿನಲ್ಲಿ ಹೋಗುತ್ತದೆ, ಹರಾಜಿನ ದುಡ್ಡು ಕೊನೆಗೆ ಗಿರಾಕಿಯ ಬಿಲ್ಲಿಗೇ ಬಂದು ಕೂರುತ್ತದೆ. ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟಾಟ್‌ನ ಹೋಲಿಕೆಗಳಲ್ಲಿ ಸ್ವಿಸ್ ಮಾಂಸದ ಬೆಲೆ ಒಕ್ಕೂಟದ ಸರಾಸರಿಗಿಂತ ಎರಡು ಪಟ್ಟಿಗೂ ಮೇಲೆ ನಿಲ್ಲುವುದು ಇದರಿಂದ.

ಎರಡನೆಯದು ತಯಾರಕರ ಸಗಟು ಬೆಲೆ. ಒಂದೇ ಕಾರ್ಖಾನೆಯ ಶಾಂಪೂ, ಒಂದೇ ಬಾಟಲಿ. ಸ್ವಿಸ್ ಅಂಗಡಿಗೆ ಒಂದು ದರ, ಜರ್ಮನ್ ಅಂಗಡಿಗೆ ಇನ್ನೊಂದು. ಇಲ್ಲಿನವರ ಜೇಬು ತಡೆಯುತ್ತದೆ ಎಂದು ಗೊತ್ತಿದ್ದೇ ಹಾಕುವ ದರ ಇದು. ಇಲ್ಲಿನ ಪತ್ರಿಕೆಗಳು ಇದನ್ನು ‘ಸ್ವಿಸ್ ಹೆಚ್ಚುವರಿ’ ಎಂದೇ ಕರೆಯುತ್ತವೆ. 2022ರ ಜನವರಿ 1ರಿಂದ ಬಂದ ಕಾನೂನು ತಿದ್ದುಪಡಿ ಇದನ್ನು ಸಡಿಲಿಸಲು ನೋಡಿತು. ವಿದೇಶಿ ಜಾಲತಾಣ ಸ್ವಿಸ್ ಗಿರಾಕಿಯನ್ನು ತಾನಾಗಿ ದುಬಾರಿ ಸ್ವಿಸ್ ಪುಟಕ್ಕೆ ತಳ್ಳುವಂತಿಲ್ಲ ಎಂದಾಯಿತು. 2024ರ ಜನವರಿ 1ರಂದು ಕೈಗಾರಿಕಾ ವಸ್ತುಗಳ ಸುಂಕವನ್ನೇ ತೆಗೆದುಹಾಕಿದರು. ಬಟ್ಟೆ, ಬೂಟು, ಸೋಪಿಗೆ ಈಗ ಸುಂಕವಿಲ್ಲ. ಆದರೂ ಬೆಲೆಚೀಟಿ ಜರ್ಮನಿಯ ಮಟ್ಟಕ್ಕೆ ಇಳಿದಿಲ್ಲ. ಸುಂಕ ಕಾರಣದ ಒಂದು ತುಣುಕು ಮಾತ್ರ ಆಗಿತ್ತು.

ಮೂರನೆಯದು ಸಂಬಳ, ಬಾಡಿಗೆ, ಜೊತೆಗೆ ಮಿಗ್ರೋಸ್ ಮತ್ತು ಕೋಪ್ ಎಂಬ ಎರಡು ದೊಡ್ಡ ಸರಣಿಗಳ ಹಿಡಿತ. ಅಗ್ಗಕ್ಕೆ ಮಾರುವ ಜರ್ಮನ್ ಸರಣಿಗಳಾದ ಆಲ್ಡಿ 2005ರಲ್ಲಿ, ಲಿಡ್ಲ್ 2009ರಲ್ಲಿ ಇಲ್ಲಿಗೆ ಬಂದ ಮೇಲೆ ಹಾಲು, ಪಾಸ್ತಾ, ಅಗ್ಗದ ಸಾಲಿನ ಸಾಮಾನುಗಳಲ್ಲಿ ಪೈಪೋಟಿ ಹುಟ್ಟಿದೆ. ಹಾಗಾಗಿ ಸ್ವಿಸ್ ಆಲ್ಡಿಯ ಬೆಲೆ ನೋಡದೆ ಗಡಿ ದಾಟುವುದು ತಪ್ಪು.

ನಾಲ್ಕನೆಯದು ಫ್ರಾಂಕ್. 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಎಂಬ ಕೆಳಮಿತಿಯನ್ನು ಏಕಾಏಕಿ ಕೈಬಿಟ್ಟಿತು. ಅದೇ ದಿನ ಫ್ರಾಂಕ್ ಯೂರೋದ ಸಮಕ್ಕೆ ಹಾರಿತು. ಗಡಿಯ ಜರ್ಮನ್ ಊರು ಕೊನ್‌ಸ್ಟಾಂಟ್ಸ್‌ನ ಪೇಟೆಯಲ್ಲಿ ಸ್ವಿಸ್ ನಂಬರಿನ ಕಾರುಗಳ ಸಾಲು ಉದ್ದವಾದದ್ದು ಆಗ. ಫ್ರಾಂಕ್ ಬಲಗೊಂಡಾಗಲೆಲ್ಲ ಈ ವ್ಯತ್ಯಾಸ ಹಿಗ್ಗುತ್ತದೆ, ಇಲ್ಲಿನ ಬೆಲೆಚೀಟಿಗಳು ಮಾತ್ರ ಅಷ್ಟು ಬೇಗ ಅಲುಗಾಡುವುದಿಲ್ಲ.

ಯಾವುದಕ್ಕೆ ಹೋಗಬೇಕು

ಹೊರಡುವ ಮೊದಲು ಮನೆಯಲ್ಲಿ ತಿಂಗಳೂ ಖರ್ಚಾಗುವ ಹದಿನೈದು ಸಾಮಾನಿನ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕಿಲೋಗೆ, ಲೀಟರಿಗೆ ಅಥವಾ ಒಂದು ತುಂಡಿಗೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಎರಡೂ ದೇಶಗಳಲ್ಲಿ ಬೆಲೆಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇದು ಇರುತ್ತದೆ. ಪ್ಯಾಕೆಟ್ಟಿನ ಬೆಲೆ ಹೋಲಿಸಿದರೆ ಮೋಸ ಹೋಗುತ್ತೀರಿ, ಏಕೆಂದರೆ ಡೈಪರ್ ಪ್ಯಾಕು ಒಂದು ಕಡೆ ಒಂದು ಎಣಿಕೆ, ಇನ್ನೊಂದು ಕಡೆ ಬೇರೆ.

ಶಾಂಪೂ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಬಟ್ಟೆ ತೊಳೆಯುವ ಪುಡಿ, ಡೈಪರ್ ಇವುಗಳಲ್ಲಿ ಉಳಿತಾಯ ದೊಡ್ಡದು. ಭಾರ ಕಡಿಮೆ, ಕೆಡುವುದಿಲ್ಲ, ಜರ್ಮನಿಯ ಶೇ 19 ವ್ಯಾಟ್ ವಾಪಸು ಸಿಗುತ್ತದೆ. ಸೋಪು, ಶಾಂಪೂ ಮಾರುವ ಜರ್ಮನ್ ಸರಣಿ ಡಿಎಂ ತರಹದ ಅಂಗಡಿಯೊಂದನ್ನೇ ನೋಡಿಕೊಂಡು ಬಂದರೂ ಪ್ರಯಾಣ ಸಾರ್ಥಕ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವು, ಜ್ವರದ ಮಾತ್ರೆಗಳೂ ಅಗ್ಗ. ಸ್ವಂತ ಬಳಕೆಗೆ ಒಂದು ತಿಂಗಳಿಗೆ ಬೇಕಾಗುವಷ್ಟನ್ನು ಮಾತ್ರ ತರಬಹುದು.

ಅಡುಗೆಮನೆಯ ವಿಷಯಕ್ಕೆ ಬಂದರೆ ಮೊಸರು, ಹಾಲು, ಚೀಸ್, ಮೊಟ್ಟೆ, ಹಿಟ್ಟು, ಅಕ್ಕಿ, ತರಕಾರಿಗೆ ತೂಕದ ಮಿತಿಯಿಲ್ಲ, ಒಟ್ಟು ಬೆಲೆಯ ಮಿತಿ ಮಾತ್ರ. ಹಿಂದೆ ಇದ್ದ ಮಿತಿಗಳನ್ನು 2014ರಲ್ಲಿ ತೆಗೆದರು. ಹಳಬರು ಕೆಲವರು ಇನ್ನೂ ಆ ಲೆಕ್ಕ ಹೇಳುತ್ತಾರೆ, ನಂಬಬೇಡಿ.

ಹೋಗಬಾರದ್ದು ಎಲೆಕ್ಟ್ರಾನಿಕ್ಸ್‌ಗೆ. ಲ್ಯಾಪ್‌ಟಾಪ್, ಫೋನುಗಳ ಬೆಲೆ ಸ್ವಿಟ್ಜರ್ಲೆಂಡಿನಲ್ಲಿ ಎಷ್ಟೋ ಸಲ ಸಮ, ಕೆಲವೊಮ್ಮೆ ಕಡಿಮೆ. ಜರ್ಮನ್ ಕೀಬೋರ್ಡಿನ ಅಕ್ಷರ ಜೋಡಣೆ ಬೇರೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ ಕೊಂಡವರಿಗೆ ಇನ್ನೊಂದು ಕಿರಿಕಿರಿ ಕಾದಿರುತ್ತದೆ. ಜರ್ಮನಿಯ ದಪ್ಪ ದುಂಡನೆಯ ಶೂಕೋ ಪ್ಲಗ್ಗಿನ ಕಡ್ಡಿ 4.8 ಮಿಲಿಮೀಟರು, ಸ್ವಿಸ್ ಸಾಕೆಟ್ಟಿನ ತೂತು 4 ಮಿಲಿಮೀಟರಿನ ಕಡ್ಡಿಗೆ ಮಾಡಿದ್ದು. ಒತ್ತಿದರೂ ಹೋಗದು, ಸಾಕೆಟ್ಟಿನ ಗುಂಡಿಯ ಆಕಾರವೂ ಹೊಂದುವುದಿಲ್ಲ. ಫೋನ್ ಚಾರ್ಜರಿನಲ್ಲಿರುವ, ಎರಡು ದುಂಡು ಕಡ್ಡಿಯ ಚಪ್ಪಟೆ ಪ್ಲಗ್ ಮಾತ್ರ ಎರಡೂ ಕಡೆ ಕೂರುತ್ತದೆ, ಆದರೆ ಅದು 2.5 ಆಂಪಿಯರ್ ವರೆಗಿನ ಸಣ್ಣ ಉಪಕರಣಕ್ಕೆ ಅಷ್ಟೆ. ಉಳಿದದ್ದಕ್ಕೆ ಅಡಾಪ್ಟರ್ ಕೊಳ್ಳಬೇಕು.

ಗಡಿಯ ಎರಡು ಬೇರೆ ಬೇರೆ ಮಿತಿಗಳು

ಇಲ್ಲೇ ಹೆಚ್ಚಿನವರು ಎಡವುವುದು. ಸ್ವಿಸ್ ಕಸ್ಟಮ್ಸ್ ಎರಡು ಪ್ರಶ್ನೆ ಕೇಳುತ್ತದೆ: ಬೆಲೆ ಎಷ್ಟು, ತೂಕ ಎಷ್ಟು. ಒಂದರಲ್ಲಿ ಪಾಸಾದರೆ ಇನ್ನೊಂದರಲ್ಲೂ ಪಾಸಾದಂತಲ್ಲ.

ಬೆಲೆಯ ಮಿತಿ 2025ರ ಜನವರಿ 1ರಿಂದ ತಲೆಗೆ ದಿನಕ್ಕೆ 150 ಫ್ರಾಂಕ್. ಅದಕ್ಕೂ ಮೊದಲು 300 ಇತ್ತು. ಮಗು ಕೂಡ ಒಂದು ತಲೆ, ಹಾಗಾಗಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹೋದರೆ 600 ಫ್ರಾಂಕ್. ದಿನಕ್ಕೆ ಒಂದೇ ಸಲ. ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಹೊಡೆದರೆ ಎರಡನೆಯದು ಲೆಕ್ಕಕ್ಕಿಲ್ಲ. ಮಿತಿ ದಾಟಿದರೆ ಹೆಚ್ಚಾದ ಭಾಗಕ್ಕಲ್ಲ, ಪೂರ್ತಿ ಮೊತ್ತಕ್ಕೆ ಸ್ವಿಸ್ ವ್ಯಾಟ್ ಬೀಳುತ್ತದೆ. 160 ಫ್ರಾಂಕ್ ಆದರೆ 10ಕ್ಕಲ್ಲ, 160ಕ್ಕೆ. ಒಂದೇ ವಸ್ತುವಿನ ಬೆಲೆ 150 ದಾಟಿದರೆ ಎಷ್ಟು ಜನ ಜೊತೆಗಿದ್ದರೂ ಹಂಚಿಕೊಳ್ಳುವಂತಿಲ್ಲ: 180 ಫ್ರಾಂಕಿನ ಮಕ್ಕಳ ಗಾಡಿಗೆ ತೆರಿಗೆ ಕಟ್ಟಲೇಬೇಕು. ಒಂದು ಅನುಕೂಲ ಇದೆ. ರಶೀದಿಯಲ್ಲಿ ಜರ್ಮನ್ ವ್ಯಾಟ್ ಬೇರೆಯಾಗಿ ತೋರಿಸಿದ್ದರೆ ಅದನ್ನು ಕಳೆದ ಬೆಲೆಯೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ರಶೀದಿ ಬಿಸಾಡಬೇಡಿ.

ತೂಕದ ಮಿತಿ ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪಟ್ಟಿ. ಇದೂ ತಲೆಗೆ, ದಿನಕ್ಕೆ:

ಮಾಂಸ ಮತ್ತು ಮಾಂಸದ ತಿನಿಸು 1 ಕಿಲೋ. ಹ್ಯಾಮ್, ಸಾಸೇಜ್ ಸೇರಿ. ಮೀನು ಇದರಲ್ಲಿಲ್ಲ. ಮೇಲಿನ ಪ್ರತಿ ಕಿಲೋಗೆ 17 ಫ್ರಾಂಕ್, ಹೆಚ್ಚುವರಿ 10 ಕಿಲೋ ದಾಟಿದರೆ 23.
ಬೆಣ್ಣೆ ಮತ್ತು ಕೆನೆ 1 ಕಿಲೋ ಅಥವಾ ಲೀಟರು, ಮೇಲಿನದಕ್ಕೆ 16 ಫ್ರಾಂಕ್.
ಅಡುಗೆ ಎಣ್ಣೆ, ಮಾರ್ಗರೀನ್ 5 ಕಿಲೋ ಅಥವಾ ಲೀಟರು, ಮೇಲಿನದಕ್ಕೆ 2 ಫ್ರಾಂಕ್.
ಶೇ 18ರವರೆಗಿನ ಮದ್ಯ, ಅಂದರೆ ಬಿಯರ್, ವೈನ್, 5 ಲೀಟರು, ಮೇಲೆ ಲೀಟರಿಗೆ 2 ಫ್ರಾಂಕ್. ಅದಕ್ಕಿಂತ ಗಡಸಾದದ್ದು 1 ಲೀಟರು, ಮೇಲೆ 15 ಫ್ರಾಂಕ್. ವಯಸ್ಸು 17 ಆಗಿರಬೇಕು.
ಸಿಗರೇಟು 250, ಮೇಲೆ ಒಂದಕ್ಕೆ 25 ರಾಪೆನ್ (ಫ್ರಾಂಕಿಗೆ 100 ರಾಪೆನ್). ಇದಕ್ಕೂ ವಯಸ್ಸು 17 ಆಗಿರಬೇಕು.

ಒಬ್ಬರೇ ಹೋಗಿ ಎರಡೂವರೆ ಕಿಲೋ ಕೋಳಿ ತಂದರೆ ಒಂದೂವರೆ ಕಿಲೋಗೆ 25.50 ಫ್ರಾಂಕ್ ಸುಂಕ. ಜರ್ಮನಿಯಲ್ಲಿ ಉಳಿಸಿದ್ದು ಅಲ್ಲೇ ಸೊನ್ನೆ. ಕರಿಯುವ ಹಬ್ಬಕ್ಕೆ ಎಣ್ಣೆ ಕ್ಯಾನು ಹೊರುವವರು 5 ಲೀಟರಿನ ಗೆರೆ ನೋಡಿಕೊಳ್ಳಿ. ಎಣ್ಣೆಯ ದಂಡ ಸಣ್ಣದು, ಮಾಂಸ ಮತ್ತು ಬೆಣ್ಣೆಯದೇ ಕಣ್ಣಿಗೆ ಕುಕ್ಕುವುದು, ಏಕೆಂದರೆ ಮೇಲೆ ಹೇಳಿದ ರೈತರ ರಕ್ಷಣೆಯ ಗೋಡೆ ಗಡಿಯಲ್ಲಿ ಎದ್ದಿರುವುದು ಅಲ್ಲೇ.

ಹಸಿರು ಚೀಟಿ

ಜರ್ಮನ್ ವ್ಯಾಟ್ ವಾಪಸಾಗುವುದು ಔಸ್‌ಫೂರ್‌ಶೈನ್ ಎನ್ನುವ ರಫ್ತು ಚೀಟಿಯಿಂದ. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಹಸಿರು ಕಾಗದ, ಹಾಗಾಗಿ ಎಲ್ಲರ ಬಾಯಲ್ಲೂ ಹಸಿರು ಚೀಟಿ. 2020ರಿಂದ ಒಂದು ಬಿಲ್ ತೆರಿಗೆ ಸೇರಿ 50 ಯೂರೋಗಿಂತ ಹೆಚ್ಚಿರಬೇಕು. ಸರಿಯಾಗಿ 50.00 ಆದರೆ ಆಗದು, 50.01 ಬೇಕು. ಎರಡು ಅಂಗಡಿಯ ಬಿಲ್ ಕೂಡಿಸುವಂತಿಲ್ಲ, ಒಂದೇ ಅಂಗಡಿಯ ಎರಡು ಬಿಲ್ಲನ್ನೂ ಕೂಡಿಸುವಂತಿಲ್ಲ. ಹಾಗಾಗಿ ಚಿಲ್ಲರೆ ಚಿಲ್ಲರೆಯಾಗಿ ಐದು ಕಡೆ ಕೊಳ್ಳುವುದಕ್ಕಿಂತ ಒಂದೆರಡು ಕಡೆ ದೊಡ್ಡ ಬಿಲ್ ಮಾಡಿಸಿ.

ಕ್ರಮ ಹೀಗೆ:

1. ದುಡ್ಡು ಕೊಡುವಾಗಲೇ ಕೌಂಟರಿನಲ್ಲಿ ‘ಔಸ್‌ಫೂರ್‌ಶೈನ್, ಬಿಟ್ಟೆ’ ಅನ್ನಿ. ಕೆಲವು ಕಡೆ ಬಿಲ್ಲಿನ ಜೊತೆ ಅಲ್ಲೇ ಮುದ್ರಿಸುತ್ತಾರೆ, ಕೆಲವು ಕಡೆ ಗ್ರಾಹಕ ಸೇವೆಯ ಮೇಜಿಗೆ ಕಳಿಸುತ್ತಾರೆ. ಕೊಡಲೇಬೇಕೆಂಬ ಕಾನೂನಿಲ್ಲ. ಕೊಡದ ಅಂಗಡಿಯೊಂದಿಗೆ ಜಗಳ ದಂಡ.

2. ಹೆಸರು, ಸ್ವಿಸ್ ವಿಳಾಸ, ಪಾಸ್‌ಪೋರ್ಟ್ ಸಂಖ್ಯೆ ಸ್ಪಷ್ಟವಾಗಿ ತುಂಬಿ. ಭಾರತೀಯ ಪಾಸ್‌ಪೋರ್ಟ್ ನೀವು ಸ್ವಿಟ್ಜರ್ಲೆಂಡಿನಲ್ಲಿ ವಾಸಿಸುತ್ತೀರಿ ಎಂದು ಹೇಳುವುದಿಲ್ಲ. ಸ್ವಿಸ್ ವಾಸದ ಪರವಾನಗಿಯಾದ ಬಿ ಅಥವಾ ಸಿ ಪರ್ಮಿಟ್ ಕಾರ್ಡು ಜೊತೆಗಿರಲೇಬೇಕು. ಗಡಿ ದಾಟಲಿಕ್ಕೂ ಇವೆರಡೂ ಬೇಕು: ಸ್ವಿಸ್ ಪರ್ಮಿಟ್ ಇದ್ದರೆ ಜರ್ಮನಿಗೆ ಬೇರೆ ವೀಸಾ ಬೇಡ, ಆದರೆ ದಾರಿಯಲ್ಲಿ ಜರ್ಮನ್ ಪೊಲೀಸರ ತಪಾಸಣೆ ಇರುತ್ತದೆ, ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿದೆ ಎಂದರೆ ನಡೆಯುವುದಿಲ್ಲ.

3. ಹೊರಡುವಾಗ ಜರ್ಮನ್ ಕಸ್ಟಮ್ಸ್ ಕಚೇರಿಯಲ್ಲಿ ಸಾಮಾನು, ಬಿಲ್ಲು, ಚೀಟಿ, ಪಾಸ್‌ಪೋರ್ಟು, ಪರ್ಮಿಟ್ಟು ತೋರಿಸಿ ಸೀಲು ಹಾಕಿಸಿ. ಸೀಲು ಬೀಳಬೇಕಾದದ್ದು ಜರ್ಮನ್ ಕಡೆ. ಸ್ವಿಸ್ ಕಟ್ಟೆಗೆ ಬಂದ ಮೇಲೆ ನೆನಪಾದರೆ ಹಿಂದಕ್ಕೆ ನಡೆಯಬೇಕು. ಸಾಮಾನು ತೋರಿಸಿ ಎಂದರೆ ತೋರಿಸುವಂತಿರಬೇಕು, ಡಿಕ್ಕಿಯ ತಳದಲ್ಲಿ ಹುದುಗಿಸಬೇಡಿ. ದಾರಿಯಲ್ಲಿ ತಿಂದು ಮುಗಿಸಿದ್ದು ರಫ್ತಾದಂತಲ್ಲ.

4. ಸೀಲಾದ ಚೀಟಿಯನ್ನು ಮುಂದಿನ ಸಲ ಅದೇ ಅಂಗಡಿಗೆ ಕೊಟ್ಟರೆ ದುಡ್ಡು ವಾಪಸು. ಕೊಂಡ ತಿಂಗಳು ಮುಗಿದ ಮೇಲೆ ಮೂರು ತಿಂಗಳೊಳಗೆ ಸಾಮಾನು ದೇಶ ಬಿಟ್ಟಿರಬೇಕು: ಮಾರ್ಚ್ 10ರಂದು ಕೊಂಡದ್ದು ಜೂನ್ 30ರೊಳಗೆ.

ಪೆಟ್ರೋಲಿಗೆ, ಕಾರಿನ ಬಿಡಿಭಾಗಕ್ಕೆ, ಹೋಟೆಲ್ ಊಟಕ್ಕೆ, ಕ್ಷೌರಕ್ಕೆ ವ್ಯಾಟ್ ವಾಪಸಿಲ್ಲ. ಬಿಲ್ಲಿನ ಮೊತ್ತದ ಶೇ 19 ವಾಪಸು ಬರುತ್ತದೆ ಎಂದುಕೊಳ್ಳುವುದೂ ತಪ್ಪು. ತೆರಿಗೆ ಬೆಲೆಯೊಳಗೆ ಸೇರಿರುವುದರಿಂದ 119 ಯೂರೋ ಬಿಲ್ಲಿಗೆ 19, ಅಂದರೆ ಬಿಲ್ಲಿನ ಶೇ 15.97. ಆಹಾರದಲ್ಲಿ 107ಕ್ಕೆ 7, ಶೇ 6.54. ಆಹಾರ ಎಂದ ಮಾತ್ರಕ್ಕೆ ಎಲ್ಲ ಶೇ 7 ಅಲ್ಲ: ಹಾಲು 7, ಓಟ್ಸ್ ಹಾಲು 19. ಕಾಫಿ ಪುಡಿ 7, ಬಾಟಲಿ ಜ್ಯೂಸ್ 19. ಸ್ಯಾನಿಟರಿ ಪ್ಯಾಡಿಗೆ 2020ರಿಂದ 7, ಡೈಪರಿಗೆ ಇನ್ನೂ 19.

ಮಿತಿ ದಾಟಿದರೆ ನಷ್ಟವೇ?

ಎಲ್ಲರೂ 150ರ ಗೆರೆಗೆ ಹೆದರಿ, ಬುಟ್ಟಿಯಿಂದ ಒಂದೊಂದೇ ಸಾಮಾನು ವಾಪಸು ಇಡುವುದುಂಟು. ಕಾಗದ ಪೆನ್ನು ಹಿಡಿದರೆ ಚಿತ್ರ ಬೇರೆ. ಲೆಕ್ಕಕ್ಕೆ ಒಂದು ಯೂರೋ ಎಂದರೆ 0.95 ಫ್ರಾಂಕ್ ಎಂದಿಟ್ಟುಕೊಳ್ಳಿ.

ಒಬ್ಬರು 238 ಯೂರೋಗೆ ಬರೀ ಸೋಪು, ಡೈಪರ್ ಕೊಂಡರು. ತೆರಿಗೆ 38 ಕಳೆದರೆ 200 ಯೂರೋ, ಅಂದರೆ 190 ಫ್ರಾಂಕ್. ಮಿತಿ ದಾಟಿತು. ಸ್ವಿಸ್ ವ್ಯಾಟ್ ಶೇ 8.1ರಂತೆ 15.39 ಫ್ರಾಂಕ್. ಜರ್ಮನಿಯಿಂದ ವಾಪಸು ಬರುವುದು 38 ಯೂರೋ, 36.10 ಫ್ರಾಂಕ್. ತೆರಿಗೆ ಕಟ್ಟಿದ ಮೇಲೂ 20.71 ಫ್ರಾಂಕ್ ಕೈಯಲ್ಲಿ. ಗಾಬರಿ ಬೀಳಬೇಕಾದ್ದೇನಿಲ್ಲ.

ಇನ್ನೊಬ್ಬರು 214 ಯೂರೋಗೆ ಬರೀ ಆಹಾರ ಕೊಂಡರು. ತೆರಿಗೆ 14 ಕಳೆದು ಅದೇ 190 ಫ್ರಾಂಕ್. ವಾಪಸು 13.30 ಫ್ರಾಂಕ್ ಮಾತ್ರ. ಎಲ್ಲದಕ್ಕೂ ಶೇ 8.1 ಹಾಕಿಸಿಕೊಂಡರೆ 15.39, ಅಂದರೆ 2.09 ಫ್ರಾಂಕ್ ಕೈಬಿಟ್ಟಿತು. ಆಹಾರದ ದರ ಶೇ 2.6 ಹಾಕಿಸಿಕೊಂಡರೆ 4.94, ಉಳಿತಾಯ 8.36. ಸಿಬ್ಬಂದಿ ಇರುವ ಕಟ್ಟೆಯಲ್ಲಿ ಆಹಾರವನ್ನು ಬೇರೆ ಮಾಡಿ ಕಡಿಮೆ ದರ ಹಾಕಿ ಎಂದು ಕೇಳಬೇಕು, ಬಿಲ್ಲಿನಲ್ಲಿ ಬೇರೆಯಾಗಿ ಕಾಣುವಂತಿದ್ದರೆ ಕೆಲಸ ಸುಲಭ. ಮೊದಲೇ ಕೊಳ್ಳುವಾಗ ಆಹಾರಕ್ಕೊಂದು ಬಿಲ್, ಉಳಿದದ್ದಕ್ಕೊಂದು ಬಿಲ್ ಮಾಡಿಸಿದರೆ ಇನ್ನೂ ಒಳ್ಳೆಯದು. ಎರಡೂ 50 ದಾಟಬೇಕು ಎನ್ನುವುದು ನೆನಪಿರಲಿ.

ತೆರಿಗೆ ಕಟ್ಟಲು ಸ್ವಿಸ್ ಕಸ್ಟಮ್ಸ್‌ನ ಕ್ವಿಕ್‌ಝೋಲ್ ಆ್ಯಪ್ ಇದೆ. ಗಡಿ ದಾಟುವ ಮೊದಲೇ ಸಾಮಾನು ತುಂಬಿ, ಕಾರ್ಡಿನಲ್ಲಿ ದುಡ್ಡು ಕಟ್ಟಿ, ಯಾವ ಎರಡು ಗಂಟೆಯ ಅವಧಿಯಲ್ಲಿ ದಾಟುತ್ತೀರಿ ಎಂದು ಆರಿಸಬೇಕು. ಅದಾದ ಮೇಲೆ ಯಾವ ಗಡಿಯಿಂದಲೂ ನಿಲ್ಲದೆ ಹೋಗಬಹುದು. ಸಿಬ್ಬಂದಿಯಿಲ್ಲದ ಸಣ್ಣ ಗಡಿಗಳಲ್ಲಿ ಫಾರ್ಮ್ ತುಂಬಿ ಹಾಕುವ ಡಬ್ಬಿ ಇರುತ್ತದೆ. ಆ್ಯಪ್‌ನಲ್ಲಿ ಎಡವಟ್ಟಾಗುವುದು ಅವಧಿಯ ವಿಷಯದಲ್ಲಿ: ಶನಿವಾರದ ಸಾಲಿನಲ್ಲಿ ಸಿಕ್ಕಿ ಅದು ಮುಗಿದುಹೋಗುತ್ತದೆ. ಸಾಮಾನು ಡಿಕ್ಕಿಗೆ ತುಂಬಿ, ಗಡಿಯ ಸಾಲು ಕಣ್ಣಿಗೆ ಬಿದ್ದ ಮೇಲೆ ಆ್ಯಪ್‌ನಲ್ಲಿ ವಿವರ ತುಂಬಿ. ಹೇಳದೆ ತಂದು ಸಿಕ್ಕಿಬಿದ್ದರೆ ತೆರಿಗೆಯ ಜೊತೆ ದಂಡವೂ ಇದೆ. 15 ಫ್ರಾಂಕ್ ಉಳಿಸಲು ಆ ಆಟ ಆಡುವುದು ಮೂರ್ಖತನ.

ಎಲ್ಲಿಗೆ, ಯಾವಾಗ

ಬಾಸೆಲ್‌ನವರಿಗೆ 8ನೇ ನಂಬರ್ ಟ್ರಾಮ್ 2014ರ ಡಿಸೆಂಬರಿನಿಂದ ನೇರ ವೈಲ್ ಆಮ್ ರೈನ್‌ಗೆ ಹೋಗುತ್ತದೆ. ವಾಪಸು ಬರುವಾಗ ಅದು ಸೀಲಿಗಾಗಿ ನಿಮಗೆ ಕಾಯುವುದಿಲ್ಲ, ಗಡಿಯ ನಿಲ್ದಾಣದಲ್ಲಿ ಇಳಿದು ಸೀಲು ಹಾಕಿಸಿ ಮುಂದಿನ ಟ್ರಾಮ್ ಹಿಡಿಯಿರಿ. ಜ್ಯೂರಿಕ್‌ನವರಿಗೆ ಕೊನ್‌ಸ್ಟಾಂಟ್ಸ್. ಅಲ್ಲಿನ ಪೇಟೆಗೂ ಸ್ವಿಸ್ ಕಡೆಯ ಕ್ರೊಯ್ಟ್ಸ್‌ಲಿಂಗೆನ್‌ಗೂ ನಡಿಗೆಯ ದೂರ, ನಡೆದೇ ಗಡಿ ದಾಟಿ ಸೀಲು ಹಾಕಿಸಿಕೊಂಡು ಕ್ರೊಯ್ಟ್ಸ್‌ಲಿಂಗೆನ್‌ನಲ್ಲಿ ರೈಲು ಹತ್ತಿದರೆ ರೈಲಿನ ಗಡಿಬಿಡಿ ತಪ್ಪುತ್ತದೆ. ಶನಿವಾರ ಬೇಡ. ಆಗಸ್ಟ್ 1ರ ಸ್ವಿಸ್ ರಾಷ್ಟ್ರೀಯ ದಿನದಂದು ಇಡೀ ದೇಶಕ್ಕೆ ಇದೇ ಉಪಾಯ ಹೊಳೆಯುತ್ತದೆ, ಅಂದೂ ಬೇಡ. ಭಾನುವಾರ ಜರ್ಮನಿಯ ಅಂಗಡಿಗಳು ಮುಚ್ಚಿರುತ್ತವೆ. ಜನವರಿ 6, ಅಕ್ಟೋಬರ್ 3, ನವೆಂಬರ್ 1 ಈ ಊರುಗಳಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ರಜೆ.

ಕಾರಿನಲ್ಲಿ ಹೋದರೆ ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಜ್ಯೂರಿಕ್‌ನಿಂದ ಹೋಗಿ ಬರಲು ಸುಮಾರು 140 ಕಿಲೋಮೀಟರು. ಕಿಲೋಮೀಟರಿಗೆ ಬರೀ 30 ರಾಪೆನ್ ಎಂದರೂ 42 ಫ್ರಾಂಕ್. ಇಲ್ಲಿ 200 ಫ್ರಾಂಕ್ ಆಗುವ ಬುಟ್ಟಿಯಲ್ಲಿ ಮೂರನೇ ಒಂದು ಭಾಗ ಉಳಿದರೂ ಸುಮಾರು 67, ಅದರಲ್ಲಿ 42 ರಸ್ತೆಗೆ ಹೋಯಿತು. ವಾರವಾರ ಓಡುವುದು ಗುಡ್ಡ ಅಗೆದು ಇಲಿ ಹಿಡಿದಂತೆ. ಆರು ವಾರಕ್ಕೊಮ್ಮೆ, ಮನೆಮಂದಿಯೆಲ್ಲ ಸೇರಿ, ಕೆಡದ ಸಾಮಾನಿಗೆ ಹೋದರೆ ಮಾತ್ರ ಗಿಟ್ಟುತ್ತದೆ.

ಕಾರ್ಡು ಉಜ್ಜುವಾಗ ಯಂತ್ರ ಯೂರೋದಲ್ಲೋ ಫ್ರಾಂಕಿನಲ್ಲೋ ಎಂದು ಕೇಳಿದರೆ ಯಾವಾಗಲೂ ಯೂರೋ ಒತ್ತಿ. ಫ್ರಾಂಕ್ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ. ನಿಮ್ಮ ಸ್ವಿಸ್ ಕ್ರೆಡಿಟ್ ಕಾರ್ಡು ವಿದೇಶಿ ವಹಿವಾಟಿಗೆ ಶುಲ್ಕ ಕೀಳುತ್ತದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಹೋಗಲಾಗದಿದ್ದರೆ ಅಂಚೆಯಲ್ಲಿ ತರಿಸಬಹುದು, ಆದರೆ ಅಲ್ಲಿ ನಿಯಮ ಬೇರೆ. ಪಾರ್ಸೆಲ್ಲಿಗೆ 150ರ ವಿನಾಯಿತಿಯಿಲ್ಲ. ಲೆಕ್ಕ ಹಾಕಿದ ವ್ಯಾಟ್ 5 ಫ್ರಾಂಕ್ ಮೀರದಿದ್ದರೆ ಬಿಟ್ಟುಬಿಡುತ್ತಾರೆ ಅಷ್ಟೆ. ಸಾಗಣೆ ವೆಚ್ಚವೂ ಸೇರಿ ಸಾಮಾನ್ಯ ವಸ್ತುವಿಗೆ ಸುಮಾರು 62 ಫ್ರಾಂಕ್, ಶೇ 2.6ರ ದರದ ಪುಸ್ತಕದಂಥವಕ್ಕೆ ಸುಮಾರು 193. ಅದರ ಮೇಲೆ ಹೋದರೆ ವ್ಯಾಟಿನ ಜೊತೆ ಕೊರಿಯರಿನವರ ಕಾಗದಪತ್ರದ ಶುಲ್ಕವೂ ಸೇರುತ್ತದೆ, ಎಷ್ಟೋ ಸಲ ಅದೇ ತೆರಿಗೆಗಿಂತ ಹೆಚ್ಚು. ಗಡಿಯ ಜರ್ಮನ್ ಊರುಗಳಲ್ಲಿ ಪಾರ್ಸೆಲ್ ಇಟ್ಟುಕೊಳ್ಳುವ ಅಂಗಡಿಗಳಿವೆ. ಅಲ್ಲಿನ ವಿಳಾಸಕ್ಕೆ ತರಿಸಿ ಕೈಯಲ್ಲಿ ಹೊತ್ತು ತಂದರೆ ಮತ್ತೆ 150ರ ನಿಯಮವೇ.

ಕೊನೆಗೆ ಬಾಟಲಿ. ಜರ್ಮನಿಯಲ್ಲಿ ಒಂದು ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ, ಸ್ವಿಟ್ಜರ್ಲೆಂಡಿನ ಯಾವ ಅಂಗಡಿಯೂ ಅದನ್ನು ಕೊಡುವುದಿಲ್ಲ. ಖಾಲಿ ಬಾಟಲಿಯನ್ನು ಜಜ್ಜಬೇಡಿ, ಯಂತ್ರ ಅದರ ಮೇಲಿನ ಗುರುತನ್ನು ಓದಬೇಕು. ಸೀಲಾದ ಹಸಿರು ಚೀಟಿಗಳ ಜೊತೆ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇಟ್ಟರೆ ಮುಂದಿನ ಸಲ ಎರಡೂ ಮರೆಯುವುದಿಲ್ಲ.